ಡಿಜಿಟಲ್ ಫೋಟೋದಿಂದ ಸೂರ್ಯನ ಸ್ಥಾನ: ಒಂದು ಕಲೆಯಷ್ಟು ನಿಖರವಾಗಿ ಅಳೆಯುವ ಬಗೆ

ಸೂರ್ಯನ ಫೋಟೋ ತೆಗೆದು, ಬಿಂಬದ ನಡುಬಿಂದು ಯಾವ ಪಿಕ್ಸೆಲ್‌ನಲ್ಲಿದೆ ಎಂದು ಹುಡುಕುವುದು ಕಷ್ಟದ ಕೆಲಸವಲ್ಲ. ಸಾಧಾರಣ ಕ್ಯಾಮೆರಾದಲ್ಲೂ ಅದನ್ನು ಪಿಕ್ಸೆಲ್‌ನ ಹತ್ತನೇ ಒಂದು ಭಾಗದವರೆಗೆ ಹಿಡಿಯಬಹುದು. ಆ ಪಿಕ್ಸೆಲ್ ಆಕಾಶದ ಯಾವ ದಿಕ್ಕನ್ನು ನೋಡುತ್ತಿತ್ತು, ಯಾವ ಕ್ಷಣದಲ್ಲಿ ನೋಡುತ್ತಿತ್ತು ಎಂಬ ಎರಡು ಪ್ರಶ್ನೆಗಳಲ್ಲೇ ಅಳತೆ ಕೆಡುವುದು. ಹಾಗಾಗಿ ಇಲ್ಲಿ ಸೂರ್ಯನಿಗಿಂತ ಲೆನ್ಸ್, ಟ್ರೈಪಾಡ್, ಗಡಿಯಾರ, ನಕ್ಷತ್ರಗಳ ಮಾತೇ ಹೆಚ್ಚು.

ಮೊದಲು ಲೆಕ್ಕದ ಮಾನಗಳು. 1 ಡಿಗ್ರಿಗೆ 60 ಕಲೆ, 1 ಕಲೆಗೆ 60 ವಿಕಲೆ. ಸೂರ್ಯಬಿಂಬದ ವ್ಯಾಸ ಸುಮಾರು 32 ಕಲೆ. ದಿಗಂಶವೆಂದರೆ ಉತ್ತರದಿಂದ ಪೂರ್ವದ ಕಡೆಗೆ ಎಣಿಸಿದ ದಿಕ್ಕು, ಉನ್ನತಾಂಶವೆಂದರೆ ದಿಗಂತದಿಂದ ಮೇಲಕ್ಕೆ ಅಳೆದ ಕೋನ. ಇವೆರಡನ್ನೂ 1 ಕಲೆಯೊಳಗೆ, ಅಂದರೆ ಬಿಂಬದ ಮೂವತ್ತೆರಡನೇ ಒಂದು ಭಾಗದಷ್ಟು ತಪ್ಪಿನೊಳಗೆ ಪಡೆಯುವುದು ನಮ್ಮ ಗುರಿ. ಬಿಡಿ ಲೆನ್ಸ್ ಹಾಕುವ ಮಾಮೂಲಿ ಕ್ಯಾಮೆರಾಗೆ ಇದು ಸಾಧ್ಯ. ಮೊಬೈಲ್‌ಗೆ ಕಷ್ಟ: ಅದರ ಲೆನ್ಸ್ ನಡುಕ ತಡೆಯಲೆಂದು ತೇಲುತ್ತಿರುತ್ತದೆ, ಫೋಕಸ್‌ಗಾಗಿ ಹಿಂದೆ ಮುಂದೆ ಸರಿಯುತ್ತದೆ. ಹೀಗಾಗಿ ಚಿತ್ರದ ನಡುಬಿಂದುವೇ ಒಂದು ಕಡೆ ನಿಲ್ಲುವುದಿಲ್ಲ.

ಕಣ್ಣು ಮತ್ತು ಫಿಲ್ಟರ್

ಫಿಲ್ಟರ್ ಇಲ್ಲದೆ ಕೆಲಸ ಶುರು ಮಾಡಬೇಡಿ. ಐಎಸ್‌ಒ 100, ಎಫ್/22, 1/8000 ಸೆಕೆಂಡ್ ಇಟ್ಟರೂ ಸೂರ್ಯಬಿಂಬ ಸೆನ್ಸರ್‌ನ ಮಿತಿಯನ್ನು ನೂರಾರು ಪಟ್ಟು ಮೀರಿರುತ್ತದೆ. ಅಂಚು ಹರಡಿ, ಬೆಳಕಿನ ಕಡ್ಡಿಗಳು ಎದ್ದು, ನಡುಬಿಂದು ಎಲ್ಲಿ ಬೇಕಾದರೂ ಜಾರುತ್ತದೆ. ಆಪ್ಟಿಕಲ್ ಡೆನ್ಸಿಟಿ 5ರ ಸೋಲಾರ್ ಫಿಲ್ಮ್ ಬಳಸಿ. ಅದು ಬೆಳಕಿನ ಲಕ್ಷದಲ್ಲಿ ಒಂದು ಭಾಗವನ್ನಷ್ಟೇ ಬಿಡುತ್ತದೆ. ಫಿಲ್ಟರ್ ಇರಬೇಕಾದ್ದು ಲೆನ್ಸ್‌ನ ಮುಂದೆ. ಅದು ಇದ್ದರೂ ಆಪ್ಟಿಕಲ್ ವ್ಯೂಫೈಂಡರ್‌ಗೆ ಕಣ್ಣಿಡದೆ ಹಿಂದಿನ ಪರದೆಯಲ್ಲೇ ನೋಡಿ. ಫಿಲ್ಟರ್ ಜಾರಿ ಬಿದ್ದ ಒಂದು ಕ್ಷಣ ಕಣ್ಣಿಗೆ ಸಾಕು.

ಫಿಲ್ಟರ್‌ನ ಎರಡು ಮೈ ಸಮಾಂತರವಾಗಿಲ್ಲದಿದ್ದರೆ ಅದು ಪಟ್ಟಕದಂತೆ ಬೆಳಕನ್ನು ಬಾಗಿಸಿ ಇಡೀ ಚಿತ್ರವನ್ನು ಸರಿಸುತ್ತದೆ. ತೆಳು ಫಿಲ್ಮ್‌ನಲ್ಲಿ ಈ ತೊಂದರೆ ಇಲ್ಲವೆನ್ನುವಷ್ಟು ಕಡಿಮೆ, ಗಾಜಿನ ಫಿಲ್ಟರ್‌ನಲ್ಲಿ ಪರೀಕ್ಷಿಸಲೇಬೇಕು. ಒಂದು ಫೋಟೋ ತೆಗೆದು, ಫಿಲ್ಟರನ್ನು ಇದ್ದಲ್ಲೇ 180 ಡಿಗ್ರಿ ತಿರುಗಿಸಿ ಇನ್ನೊಂದು ತೆಗೆಯಿರಿ. ಆ ನಡುವೆ ಸೂರ್ಯ ಚಲಿಸಿದ ದೂರವನ್ನು ಕಳೆದ ಮೇಲೂ ಬಿಂಬ ಸರಿದಿದ್ದರೆ, ಸರಿದದ್ದರ ಅರ್ಧ ಫಿಲ್ಟರ್‌ನ ತಪ್ಪು. ಸುರುಳಿಯಾಗಿ ತಿರುಗಿಸಿ ಹಾಕುವ ಫಿಲ್ಟರ್‌ಗಿಂತ ಮೇಲಿಂದ ತೊಡಿಸುವ ಟೋಪಿಯಂಥದ್ದು ಒಳ್ಳೆಯದು. ಹಾಕಿ ತೆಗೆಯುವಾಗ ಲೆನ್ಸ್ ಅಲುಗುವುದು ಕಡಿಮೆ.

ಯಾವ ಲೆನ್ಸ್

ಒಂದು ಪಿಕ್ಸೆಲ್ ಎಷ್ಟು ಕೋನವನ್ನು ಕಾಣುತ್ತದೆ ಎಂಬುದಕ್ಕೆ ಸೂತ್ರ ಸರಳ: 206.265ನ್ನು ಪಿಕ್ಸೆಲ್‌ನ ಮೈಕ್ರಾನ್ ಅಳತೆಯಿಂದ ಗುಣಿಸಿ, ಲೆನ್ಸ್‌ನ ಮಿಲಿಮೀಟರ್ ನಾಭಿದೂರದಿಂದ ಭಾಗಿಸಿದರೆ ವಿಕಲೆಗಳಲ್ಲಿ ಉತ್ತರ ಸಿಗುತ್ತದೆ. 23.5 ಮಿ.ಮೀ. ಅಗಲದ, 6000 × 4000 ಪಿಕ್ಸೆಲ್‌ಗಳ ಸೆನ್ಸರ್‌ನಲ್ಲಿ ಪಿಕ್ಸೆಲ್ 3.92 ಮೈಕ್ರಾನ್. ಅದರ ಮುಂದೆ 24 ಮಿ.ಮೀ. ಲೆನ್ಸ್ ಇದ್ದರೆ ಒಂದು ಪಿಕ್ಸೆಲ್ 33.7 ವಿಕಲೆ, ಸೂರ್ಯಬಿಂಬದ ವ್ಯಾಸ 57 ಪಿಕ್ಸೆಲ್. 200 ಮಿ.ಮೀ. ಲೆನ್ಸ್‌ನಲ್ಲಿ ಒಂದು ಪಿಕ್ಸೆಲ್ 4 ವಿಕಲೆ, ಬಿಂಬ 475 ಪಿಕ್ಸೆಲ್.

ಎರಡನೆಯದೇ ಮೇಲೆಂದು ಅನಿಸುವುದು ಸಹಜ. ಆದರೆ ಉದ್ದ ಲೆನ್ಸ್‌ನ ಕಿರಿದಾದ ಚೌಕಟ್ಟಿನಿಂದ ಸೂರ್ಯ ಬೇಗನೆ ಹೊರಗೆ ಹೋಗುತ್ತಾನೆ, ರಾತ್ರಿ ಅದೇ ಚೌಕಟ್ಟಿನಲ್ಲಿ ಗುರುತಿಸಬಲ್ಲ ನಕ್ಷತ್ರಗಳೂ ಕಡಿಮೆ. ದಿಕ್ಕು ತಿಳಿಯದ ಸೂಕ್ಷ್ಮ ಪಿಕ್ಸೆಲ್‌ಗಿಂತ ದಿಕ್ಕು ತಿಳಿದ ಒರಟು ಪಿಕ್ಸೆಲ್ ಹೆಚ್ಚು ಉಪಯೋಗಿ. 1 ಕಲೆಯ ಗುರಿಗೆ 24ರಿಂದ 35 ಮಿ.ಮೀ. ಸ್ಥಿರ ಲೆನ್ಸ್ ಸಾಕು. ಜೂಮ್ ಲೆನ್ಸ್ ಬೇಡ. ಮೇಲ್ಮುಖವಾಗಿ ಇಟ್ಟಾಗ ತನ್ನ ಭಾರಕ್ಕೇ ಅದು ಕೊಂಚ ಜಾರಿದರೂ ನಾಭಿದೂರ ಬದಲಾಗುತ್ತದೆ.

ಕ್ಯಾಮೆರಾ ಸಿದ್ಧಪಡಿಸುವುದು

ಫೋಕಸನ್ನು ಮ್ಯಾನ್ಯುಯಲ್‌ಗೆ ಹಾಕಿ, ದೂರದ ವಸ್ತುವಿಗೆ ಚೂಪಾಗಿ ಹೊಂದಿಸಿ, ಉಂಗುರಕ್ಕೆ ಟೇಪ್ ಅಂಟಿಸಿ. ಫೋಕಸ್ ಸರಿದರೆ ಚಿತ್ರದ ಅಳತೆಯೂ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ನಡುಕ ತಡೆಯುವ ವ್ಯವಸ್ಥೆ ಲೆನ್ಸ್‌ನಲ್ಲಿರಲಿ, ಸೆನ್ಸರ್‌ನಲ್ಲಿರಲಿ, ಆಫ್ ಮಾಡಿ. ಸೆನ್ಸರೇ ತೇಲುವ ಕ್ಯಾಮೆರಾ ಆದರೆ ಅಳತೆ ಮುಗಿಯುವವರೆಗೆ ಪವರ್ ಆಫ್ ಮಾಡಲೇಬೇಡಿ. ಮತ್ತೆ ಆನ್ ಮಾಡಿದಾಗ ಸೆನ್ಸರ್ ಅದೇ ಜಾಗಕ್ಕೆ ಬರುತ್ತದೆಂಬ ಖಾತ್ರಿಯಿಲ್ಲ. ಶಟರ್ ಮೆಕ್ಯಾನಿಕಲ್ ಇರಲಿ. ಎಲೆಕ್ಟ್ರಾನಿಕ್ ಶಟರ್ ಸಾಲುಗಳನ್ನು ಒಂದಾದ ಮೇಲೊಂದು ಓದುತ್ತದೆ, ಅದರಿಂದ ಮೇಲಿನ ಸಾಲಿನ ಸಮಯವೇ ಬೇರೆ, ಕೆಳಗಿನದೇ ಬೇರೆ.

ರಾ ಫೈಲ್ (ಸೆನ್ಸರ್ ದಾಖಲಿಸಿದ್ದನ್ನು ತಿದ್ದದೆ ಉಳಿಸುವ ಕಡತ) ಕಡ್ಡಾಯ. ಜೆಪೆಗ್ ಮಾಡುವಾಗ ಕ್ಯಾಮೆರಾ ತಾನಾಗಿಯೇ ಲೆನ್ಸ್‌ನ ಬಾಗನ್ನು (ನೇರ ಗೆರೆಯನ್ನು ಬಾಗಿಸುವ ದೋಷವನ್ನು) ತಿದ್ದಿ, ಅಂಚು ಕತ್ತರಿಸಿಬಿಡುತ್ತದೆ. ಏನನ್ನು ಎಷ್ಟು ತಿದ್ದಿತು ಎಂಬುದು ನಮಗೆ ಸಿಗುವುದಿಲ್ಲ. ರಾ ಫೈಲ್ ತೆರೆಯುವ ತಂತ್ರಾಂಶದಲ್ಲೂ ಲೆನ್ಸ್ ಪ್ರೊಫೈಲ್ ಮತ್ತು ತಾನಾಗಿ ತಿರುಗಿಸುವ ಆಯ್ಕೆಗಳನ್ನು ತೆಗೆದುಹಾಕಿ. ಪೈಥಾನ್ ಬಲ್ಲವರಿಗೆ ರಾಪೈ ಲೈಬ್ರರಿ ಅನುಕೂಲ. ಹಸಿರು ಚಾನಲ್ ಒಂದನ್ನೇ ಬಳಸಿ: ಸೆನ್ಸರ್‌ನ ಅರ್ಧದಷ್ಟು ಪಿಕ್ಸೆಲ್‌ಗಳು ಹಸಿರು, ಜೊತೆಗೆ ಸೂರ್ಯ ಕೆಳಗಿದ್ದಾಗ ವಾತಾವರಣ ನೀಲಿ ಮತ್ತು ಕೆಂಪನ್ನು ಬೇರೆ ಬೇರೆ ಎತ್ತರಕ್ಕೆ ಬಾಗಿಸುತ್ತದೆ.

ಎಫ್/8, ಐಎಸ್‌ಒ 100, 1/1000 ಸೆಕೆಂಡ್‌ನಿಂದ ಶುರು ಮಾಡಿ, ಬಿಂಬದ ನಡುವಿನ ಹಸಿರು ಮೌಲ್ಯ ಮಿತಿಯ ನೂರಕ್ಕೆ 60ರಿಂದ 80ರಷ್ಟಕ್ಕೆ ಬರುವಂತೆ ಹೊಂದಿಸಿ. ಮಿತಿ ಮುಟ್ಟಿದರೆ ಬಿಂಬ ಉಬ್ಬುತ್ತದೆ.

ಗಡಿಯಾರ

ಸೂರ್ಯ ಆಕಾಶದಲ್ಲಿ ಸೆಕೆಂಡಿಗೆ 15 ವಿಕಲೆ ಸರಿಯುತ್ತಾನೆ, ಜೂನ್ ಮತ್ತು ಡಿಸೆಂಬರ್‌ನ ಅಯನದ ದಿನಗಳಲ್ಲಿ ಸುಮಾರು 14. ಎರಡು ನಿಮಿಷ ಚಿಲ್ಲರೆಯಲ್ಲಿ ತನ್ನ ವ್ಯಾಸದಷ್ಟು ದೂರ ಹೋಗಿರುತ್ತಾನೆ. ಗಡಿಯಾರ 4 ಸೆಕೆಂಡ್ ತಪ್ಪಿದರೆ ನಮ್ಮ 1 ಕಲೆ ಅಲ್ಲೇ ಖರ್ಚಾಯಿತು. ಕ್ಯಾಮೆರಾ ಗಡಿಯಾರವನ್ನು ಯುಟಿಸಿಗೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯಕ್ಕೆ, ಹೊಂದಿಸಿ. ಕೆಲವು ದೇಶಗಳಲ್ಲಿ ಬೇಸಿಗೆಗೆಂದು ಗಡಿಯಾರವನ್ನು ಮುಂದಿಡುವ ಒಂದು ಗಂಟೆಯ ಗೊಂದಲ ಅಲ್ಲಿಗೆ ತಪ್ಪುತ್ತದೆ. ಹೊಂದಿಸಿದ ಮಾತ್ರಕ್ಕೆ ನಂಬಬೇಡಿ. ಜಿಪಿಎಸ್ ಅಥವಾ ಎನ್‌ಟಿಪಿಯಿಂದ (ಅಂತರ್ಜಾಲದ ಸಮಯ ಸೇವೆ) ಸಮಯ ಪಡೆದು ಸೆಕೆಂಡಿನ ದಶಾಂಶವನ್ನೂ ತೋರಿಸುವ ಗಡಿಯಾರವನ್ನು ಪರದೆಯಲ್ಲಿ ತೆರೆದು, ಅಳತೆಗೆ ಮೊದಲು ಹತ್ತು, ನಂತರ ಹತ್ತು ಫೋಟೋ ತೆಗೆಯಿರಿ. ಕಂಡ ಸಮಯಕ್ಕೂ ಎಕ್ಸಿಫ್ (ಫೋಟೋ ಫೈಲ್‌ನೊಳಗೆ ಕ್ಯಾಮೆರಾ ಬರೆಯುವ ಮಾಹಿತಿ) ಸಮಯಕ್ಕೂ ಇರುವ ವ್ಯತ್ಯಾಸವನ್ನು ಬರೆದಿಟ್ಟು, ಎರಡರ ನಡುವೆ ನೇರ ಗೆರೆ ಎಳೆದರೆ ಪ್ರತಿ ಫೋಟೋದ ತಿದ್ದುಪಡಿ ಸಿಗುತ್ತದೆ.

ಹಲವು ಕ್ಯಾಮೆರಾಗಳು ಎಕ್ಸಿಫ್‌ನಲ್ಲಿ ಪೂರ್ಣ ಸೆಕೆಂಡನ್ನಷ್ಟೇ ಬರೆಯುತ್ತವೆ, ಚಿಲ್ಲರೆಯನ್ನು ಬಿಟ್ಟುಬಿಡುತ್ತವೆ. ಅಂಥಲ್ಲಿ ವೇಗದ ಸರಣಿ ಫೋಟೋ ತೆಗೆದು, ಸೆಕೆಂಡ್ ಬದಲಾದ ಮೊದಲ ಫೋಟೋ ಯಾವುದೆಂದು ನೋಡಿ. ಅದರ ಸಮಯದಲ್ಲಿ ಚಿಲ್ಲರೆ ಇಲ್ಲವೆನ್ನುವಷ್ಟು ಕಡಿಮೆ.

ನಕ್ಷತ್ರಗಳಿಂದ ಕ್ಯಾಮೆರಾದ ದಿಕ್ಕು

ಲೆನ್ಸ್ ಮೇಲೆ 24 ಎಂದು ಬರೆದಿದ್ದರೂ ಅದು ಸರಿಯಾಗಿ 24 ಇರುವುದಿಲ್ಲ, ತಯಾರಕರು ಹತ್ತಿರದ ದುಂಡು ಸಂಖ್ಯೆ ಹಾಕಿರುತ್ತಾರೆ. ಲೆನ್ಸ್‌ನ ಅಕ್ಷ ಚಿತ್ರದ ನಟ್ಟನಡುವೆ ಬೀಳುವುದಿಲ್ಲ, ನೇರ ಗೆರೆ ಕೊಂಚ ಬಾಗುತ್ತದೆ. ಇವನ್ನೆಲ್ಲ ಒಂದೇ ಏಟಿಗೆ ಅಳೆದುಕೊಡುವ ಅಳತೆಗೋಲು ರಾತ್ರಿಯ ಆಕಾಶ.

ಕ್ಯಾಮೆರಾವನ್ನು ಕಾಂಕ್ರೀಟ್ ನೆಲದ ಮೇಲೆ ಭಾರದ ಟ್ರೈಪಾಡ್‌ಗೆ ಬಿಗಿಯಿರಿ. ಡಾಂಬರು ಬಿಸಿಲಿಗೆ ಮೆತ್ತಗಾಗುತ್ತದೆ, ಹಸಿ ಮಣ್ಣು ಕುಸಿಯುತ್ತದೆ. ಟ್ರೈಪಾಡ್‌ನ ಕಾಲುಗಳಿಗೆ ನೆರಳು ಮಾಡಿ, ಒಂದೇ ಕಾಲಿಗೆ ಬಿಸಿಲು ಬಿದ್ದು ಅದು ಹಿಗ್ಗಿದರೆ ಕ್ಯಾಮೆರಾ ವಾಲುತ್ತದೆ. ಬ್ಯಾಟರಿ ಬದಲಿಸಲು ಕ್ಯಾಮೆರಾ ಮುಟ್ಟಬೇಕಾಗದಂತೆ ಹೊರಗಿನಿಂದ ವಿದ್ಯುತ್ ಕೊಡಿ, ಶಟರ್‌ಗೆ ರಿಮೋಟ್ ಇರಲಿ. ಮೊದಲ ರಾತ್ರಿ ನಕ್ಷತ್ರ, ಮರುದಿನ ಸೂರ್ಯ, ಮತ್ತೆ ರಾತ್ರಿ ನಕ್ಷತ್ರ: ಈ ಕ್ರಮ ಬಿಡಬೇಡಿ. ಎರಡು ರಾತ್ರಿಗಳ ಉತ್ತರ ಒಂದೇ ಬಂದರೆ ನಡುವಿನ ಹಗಲಿನ ಅಳತೆಗೆ ಆಧಾರವಿದೆ. ಬರದಿದ್ದರೆ ಹಗಲಿನಲ್ಲಿ ಯಾವಾಗ, ಎಷ್ಟು ಸರಿಯಿತೆಂದು ಊಹಿಸುತ್ತ ಕೂರುವ ಬದಲು ಎಲ್ಲವನ್ನೂ ಮತ್ತೆ ಮಾಡುವುದೇ ಮೇಲು.

ನಕ್ಷತ್ರಕ್ಕೆ ಫಿಲ್ಟರ್ ತೆಗೆದು ಎಫ್/2.8, ಐಎಸ್‌ಒ 1600, 4 ಸೆಕೆಂಡ್ ಇಡಿ. ಅಷ್ಟರಲ್ಲಿ ನಕ್ಷತ್ರ 60 ವಿಕಲೆ, ಅಂದರೆ ಎರಡು ಪಿಕ್ಸೆಲ್‌ಗೂ ಕಡಿಮೆ ಸರಿಯುತ್ತದೆ. ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದು ಎಕ್ಸ್‌ಪೋಷರ್‌ನ ನಡುವಿನ ಕ್ಷಣವನ್ನು. ನಿಮ್ಮ ಕ್ಯಾಮೆರಾ ಬರೆಯುವುದು ಆರಂಭದ ಸಮಯವನ್ನೋ ಕೊನೆಯದನ್ನೋ ತಿಳಿಯಲು ಓಡುವ ಗಡಿಯಾರವನ್ನು ಒಮ್ಮೆ 4 ಸೆಕೆಂಡ್ ಎಕ್ಸ್‌ಪೋಷರ್‌ನಲ್ಲಿ ತೆಗೆದು ನೋಡಿ.

ಚೌಕಟ್ಟಿನ ತುಂಬ ಹರಡಿದ 20ರಿಂದ 30 ನಕ್ಷತ್ರಗಳನ್ನು ಆರಿಸಿ, ಮೂಲೆಗಳಲ್ಲೂ ಇರಲಿ. 20 ಡಿಗ್ರಿಗಿಂತ ಕೆಳಗಿನವು ಬೇಡ. ಹೆಸರು ಗುರುತಿಸಲು ಸ್ಟೆಲೇರಿಯಮ್ ಎಂಬ ಆಕಾಶನಕ್ಷೆ ತಂತ್ರಾಂಶ ಸಾಕು. ಸ್ಕೈಫೀಲ್ಡ್‌ನಂಥ ಲೈಬ್ರರಿಯಿಂದ ಪ್ರತಿ ನಕ್ಷತ್ರದ ದಿಗಂಶ, ಉನ್ನತಾಂಶಗಳನ್ನು ವಕ್ರೀಭವನ (ವಾತಾವರಣ ಬೆಳಕನ್ನು ಬಾಗಿಸುವುದು) ಸೇರಿಸಿ ಲೆಕ್ಕ ಹಾಕಿ. ಈಗ ಹುಡುಕಬೇಕಾದ ಅಜ್ಞಾತಗಳು ಎಂಟು: ಕ್ಯಾಮೆರಾದ ಮೂರು ಕೋನಗಳು, ನಾಭಿದೂರ, ನಡುಬಿಂದುವಿನ ಎರಡು ನಿರ್ದೇಶಾಂಕಗಳು, ಬಾಗಿನ ಎರಡು ಗುಣಾಂಕಗಳಾದ ಕೆ1, ಕೆ2. ಒಂದು ನಕ್ಷತ್ರ ಎರಡು ಸಮೀಕರಣ ಕೊಡುತ್ತದೆ. ನಾಲ್ಕು ನಕ್ಷತ್ರ ಲೆಕ್ಕಕ್ಕೆ ಸಾಕಾದರೂ ತಪ್ಪನ್ನು ತೋರಿಸಿಕೊಡುವುದಿಲ್ಲ, ಅದಕ್ಕೇ ಇಪ್ಪತ್ತು. ಕನಿಷ್ಠ ವರ್ಗ ವಿಧಾನದಿಂದ, ಅಂದರೆ ತಪ್ಪುಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವಂತೆ, ಬಿಡಿಸಿದ ಮೇಲೆ ಉಳಿಕೆಗಳು (ಲೆಕ್ಕದ ಸ್ಥಾನಕ್ಕೂ ಫೋಟೋದ ಸ್ಥಾನಕ್ಕೂ ಉಳಿದ ವ್ಯತ್ಯಾಸ) ಅರ್ಧ ಪಿಕ್ಸೆಲ್‌ನೊಳಗೆ ಇರಬೇಕು. ಒಂದೇ ನಕ್ಷತ್ರ ಹತ್ತು ಪಿಕ್ಸೆಲ್ ದೂರ ನಿಂತಿದ್ದರೆ ಅದರ ಹೆಸರು ತಪ್ಪಿದೆ ಎಂದೇ ಅರ್ಥ.

ಬಿಂಬದ ನಡುಬಿಂದು

ಸುಲಭದ ದಾರಿ: ಬಿಂಬದ ಸುತ್ತ ಮೂರು ವ್ಯಾಸದಷ್ಟು ಚೌಕ ಕತ್ತರಿಸಿ, ಹಿನ್ನೆಲೆಯನ್ನು ಕಳೆದು, ಬಿಂಬದ ಅರ್ಧ ಹೊಳಪಿಗಿಂತ ಮೇಲಿನ ಪಿಕ್ಸೆಲ್‌ಗಳ ಸರಾಸರಿ ಸ್ಥಾನ ತೆಗೆಯುವುದು. ಆಕಾಶ ತಿಳಿಯಾಗಿದ್ದರೆ ಇಷ್ಟೇ ಸಾಕು. ತೆಳು ಮೋಡ ಬಿಂಬದ ಒಂದು ಬದಿಯನ್ನು ಮಸುಕು ಮಾಡಿದರೆ ಸರಾಸರಿ ಇನ್ನೊಂದು ಬದಿಗೆ ವಾಲುತ್ತದೆ. ಆಗ ಅಂಚನ್ನು ಹಿಡಿಯಬೇಕು. ಅಂದಾಜು ನಡುವಿನಿಂದ 5 ಡಿಗ್ರಿಗೊಂದರಂತೆ 72 ಗೆರೆ ಎಳೆದು, ಪ್ರತಿ ಗೆರೆಯಲ್ಲಿ ಹೊಳಪು ಅರ್ಧಕ್ಕಿಳಿಯುವ ಬಿಂದು ಹುಡುಕಿ, ಆ ಬಿಂದುಗಳಿಗೆ ವೃತ್ತ ಹೊಂದಿಸಿ. ಒಂದು ಪಿಕ್ಸೆಲ್‌ಗಿಂತ ಹೆಚ್ಚು ದೂರ ನಿಂತವನ್ನು ಬಿಟ್ಟು ಮತ್ತೊಮ್ಮೆ ಹೊಂದಿಸಿ. ಗ್ರಹಣದ ಹೊತ್ತಿನಲ್ಲೂ ಇದೇ ವಿಧಾನ, ಚಂದ್ರ ಕಚ್ಚಿದ ಅಂಚನ್ನು ಮಾತ್ರ ಸೇರಿಸಬಾರದು.

ಅಗಲ ಲೆನ್ಸ್‌ನಲ್ಲಿ ಚೌಕಟ್ಟಿನ ಅಂಚಿಗೆ ಹೋದಂತೆ ಬಿಂಬ ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ. ಅಕ್ಷದಿಂದ 30 ಡಿಗ್ರಿ ಆಚೆ ಉದ್ದ ಅಗಲಕ್ಕಿಂತ ನೂರಕ್ಕೆ 15ರಷ್ಟು ಹೆಚ್ಚು. ಅಲ್ಲಿ ವೃತ್ತದ ಬದಲು ದೀರ್ಘವೃತ್ತ ಹೊಂದಿಸಿ. ದೀರ್ಘವೃತ್ತದ ನಡುಬಿಂದು ಸೂರ್ಯನ ನಿಜವಾದ ನಡುವಿನಿಂದ ಎರಡು ಮೂರು ವಿಕಲೆ ತಪ್ಪಿರುತ್ತದೆ, ಅದನ್ನು ಮರೆತರೆ ನಷ್ಟವಿಲ್ಲ. ಮರೆಯಬಾರದ್ದು ಪಿಕ್ಸೆಲ್ ಎಣಿಕೆಯ ರೂಢಿ. ಒಂದು ತಂತ್ರಾಂಶ ಮೊದಲ ಪಿಕ್ಸೆಲ್‌ನ ನಡುವನ್ನು ಸೊನ್ನೆ ಎನ್ನುತ್ತದೆ, ಇನ್ನೊಂದು ಅದರ ಮೂಲೆಯನ್ನು. 24 ಮಿ.ಮೀ. ಲೆನ್ಸ್‌ನಲ್ಲಿ ಈ ಅರ್ಧ ಪಿಕ್ಸೆಲ್ ಎಂದರೆ 17 ವಿಕಲೆ. ನಕ್ಷತ್ರಕ್ಕೂ ಸೂರ್ಯನಿಗೂ ಒಂದೇ ತಂತ್ರಾಂಶ ಬಳಸಿದರೆ ತಪ್ಪು ತಾನಾಗಿ ಕಳೆಯುತ್ತದೆ.

ಬಿಂಬದ ವ್ಯಾಸವನ್ನೂ ಬರೆದಿಡಿ, ಅದೊಂದು ಪುಕ್ಕಟೆ ಪರೀಕ್ಷೆ. ಜನವರಿ ಮೊದಲ ವಾರ ಭೂಮಿ ಸೂರ್ಯನಿಗೆ ಹತ್ತಿರವಿದ್ದಾಗ ಅದು ಸುಮಾರು 32.5 ಕಲೆ, ಜುಲೈ ಮೊದಲ ವಾರ 31.5 ಕಲೆ. ಇದಕ್ಕಿಂತ ದೊಡ್ಡದು ಬಂದರೆ ಎಕ್ಸ್‌ಪೋಷರ್ ಹೆಚ್ಚಾಗಿದೆ ಇಲ್ಲವೇ ಫೋಕಸ್ ಬಿಟ್ಟಿದೆ.

ಪಿಕ್ಸೆಲ್‌ನಿಂದ ದಿಕ್ಕಿಗೆ

ಒಂದು ಉದಾಹರಣೆ ನೋಡಿ. ನಾಭಿದೂರ 6122 ಪಿಕ್ಸೆಲ್ (24 ಮಿ.ಮೀ.ಯನ್ನು 3.92 ಮೈಕ್ರಾನ್‌ನಿಂದ ಭಾಗಿಸಿದ್ದು), ನಡುಬಿಂದು 3000, 2000. ಕ್ಯಾಮೆರಾದ ಅಕ್ಷ ದಿಗಂಶ 180 ಡಿಗ್ರಿಗೆ ತಿರುಗಿ 40 ಡಿಗ್ರಿ ಮೇಲೆ ನೋಡುತ್ತಿದೆ, ಪಕ್ಕಕ್ಕೆ ವಾಲಿಲ್ಲ. ಬಾಗನ್ನು ತಿದ್ದಿದ ಮೇಲೆ ಸೂರ್ಯ ಸಿಕ್ಕಿದ್ದು 4212.4, 1130.8ರಲ್ಲಿ, ಸಾಲುಗಳ ಎಣಿಕೆ ಮೇಲಿನಿಂದ ಕೆಳಕ್ಕೆ. ಬಲಕ್ಕೆ 1212.4 ÷ 6122 = 0.19804. ಮೇಲಕ್ಕೆ 869.2 ÷ 6122 = 0.14198. ಮುಂದಕ್ಕೆ 1. ಈ ಮೂರನ್ನು 40 ಡಿಗ್ರಿ ಎತ್ತಿ ತಿರುಗಿಸಿದರೆ, ಲಂಬವಾಗಿ ಮೇಲಕ್ಕೆ 0.14198 × ಕಾಸ್ 40 + ಸೈನ್ 40 = 0.75155, ಸಮತಲದಲ್ಲಿ ಮುಂದಕ್ಕೆ ಕಾಸ್ 40 − 0.14198 × ಸೈನ್ 40 = 0.67478, ಬಲಕ್ಕೆ ಅದೇ 0.19804. ಒಟ್ಟು ಉದ್ದ 1.02926. 0.75155 ÷ 1.02926ರ ವಿಲೋಮ ಸೈನ್ ಉನ್ನತಾಂಶ: 46.90 ಡಿಗ್ರಿ. 0.19804 ÷ 0.67478ರ ವಿಲೋಮ ಟ್ಯಾನ್ 16.36 ಡಿಗ್ರಿ, ಆದ್ದರಿಂದ ದಿಗಂಶ 196.36.

ಮೇಲೆ ನೋಡುವ ಕ್ಯಾಮೆರಾದಲ್ಲಿ ಅಡ್ಡ ಪಿಕ್ಸೆಲ್‌ಗಳನ್ನು ನೇರವಾಗಿ ಡಿಗ್ರಿಗೆ ಬದಲಿಸಿದ್ದರೆ 11.2 ಎಂದು ಬರುತ್ತಿತ್ತು, ಐದು ಡಿಗ್ರಿಗೂ ಹೆಚ್ಚಿನ ತಪ್ಪು. ಇದೇ ಜಾಗದಲ್ಲಿ ನಾಭಿದೂರ ಸಾವಿರಕ್ಕೆ ಒಂದರಷ್ಟು ತಪ್ಪಿದ್ದರೆ 47 ವಿಕಲೆ ಹೋಗುತ್ತದೆ. ಕೆ1 ಬೆಲೆ −0.02 ಇದ್ದು ಅದನ್ನು ತಿದ್ದದೆ ಬಿಟ್ಟರೆ ಇನ್ನೊಂದು 56 ವಿಕಲೆ.

ನಕ್ಷತ್ರಗಳು ಬಚ್ಚಿಡುವ ತಪ್ಪು

ಇದು ಎಚ್ಚರಿಕೆಯಿಂದ ಓದಬೇಕಾದ ಭಾಗ. ಗಡಿಯಾರ ಎರಡು ರಾತ್ರಿ, ಒಂದು ಹಗಲು ಪೂರ್ತಿ 20 ಸೆಕೆಂಡ್ ಮುಂದಿದೆ ಎಂದುಕೊಳ್ಳಿ. ನಕ್ಷತ್ರಗಳ ಲೆಕ್ಕದಲ್ಲಿ ಆಕಾಶವೇ ಧ್ರುವದ ಸುತ್ತ 5 ಕಲೆ ತಿರುಗಿ ಕೂರುತ್ತದೆ, ಕ್ಯಾಮೆರಾದ ದಿಕ್ಕೂ ಅಷ್ಟೇ ತಪ್ಪುತ್ತದೆ. ಅದೇ ತಪ್ಪು ದಿಕ್ಕಿನಿಂದ ಸೂರ್ಯನನ್ನು ಅಳೆದು, ಅದೇ ತಪ್ಪು ಸಮಯದ ಪಂಚಾಂಗ ಲೆಕ್ಕಕ್ಕೆ ಹೋಲಿಸಿದರೆ ಎರಡೂ ಚೆನ್ನಾಗಿ ಹೊಂದುತ್ತವೆ. ಅಳತೆ ಮಾತ್ರ 5 ಕಲೆ ತಪ್ಪಿರುತ್ತದೆ. ರೇಖಾಂಶ ತಪ್ಪಾಗಿ ಕೊಟ್ಟರೂ, ಅಕ್ಷಾಂಶ ತಪ್ಪಾಗಿ ಕೊಟ್ಟರೂ ಹೀಗೇ ಆಗುತ್ತದೆ. ನಕ್ಷತ್ರಗಳು ಹೇಳುವುದು ಸೂರ್ಯ ಅವುಗಳ ನಡುವೆ ಎಲ್ಲಿದ್ದಾನೆ ಎಂಬುದನ್ನು. ನಿಮ್ಮ ತಲೆಯ ನೆತ್ತಿ ಎಲ್ಲಿದೆ ಎಂಬುದು ನೀವು ಕೊಟ್ಟ ಸಮಯ ಮತ್ತು ಸ್ಥಳದಿಂದ ಬಂದದ್ದು. ಸೂರ್ಯನ ಎತ್ತರದಿಂದ ಅಕ್ಷಾಂಶ ಕಂಡುಹಿಡಿಯುವ ಉದ್ದೇಶವಿದ್ದರೆ ಈ ದಾರಿ ಬರೀ ಸುತ್ತು. ಆಗ ಬೇಕಾದ ಆಧಾರ ಗುರುತ್ವ.

ಗುರುತ್ವವನ್ನು ಚಿತ್ರದೊಳಗೆ ತರಲು ಚೌಕಟ್ಟಿನ ಎರಡು ಬದಿಯಲ್ಲಿ ತೂಕದ ಗುಂಡು ಕಟ್ಟಿದ ದಾರಗಳನ್ನು ಇಳಿಬಿಡಿ, ಗುಂಡು ನೀರಿನ ಪಾತ್ರೆಯಲ್ಲಿ ಮುಳುಗಿದ್ದರೆ ದಾರ ಆಡುವುದಿಲ್ಲ. ಬಾಗು ತಿದ್ದಿದ ಮೇಲೆ ಎರಡೂ ಗೆರೆಗಳು ಸೇರುವ ಬಿಂದುವೇ ನೆತ್ತಿ. ನಕ್ಷತ್ರಗಳ ಲೆಕ್ಕ ಕೊಟ್ಟ ನೆತ್ತಿಯೂ ಅಲ್ಲೇ ಬರಬೇಕು.

ಸೂರ್ಯ 15ರಿಂದ 25 ಡಿಗ್ರಿ ಎತ್ತರದಲ್ಲಿದ್ದಾಗ ಇನ್ನೂ ಸೊಗಸಾದ ದಾರಿಯಿದೆ. ಅಗಲ ತಟ್ಟೆಯಲ್ಲಿ ನೀರು ಅಥವಾ ದಪ್ಪ ಎಣ್ಣೆ ಹಾಕಿ, ಗಾಳಿಗೆ ಅಡ್ಡ ಕಟ್ಟಿ, ಕ್ಯಾಮೆರಾವನ್ನು ಉದ್ದುದ್ದಕ್ಕೆ ತಿರುಗಿಸಿ, ಸೂರ್ಯ ಮತ್ತು ಪ್ರತಿಬಿಂಬ ಎರಡೂ ಒಂದೇ ಚೌಕಟ್ಟಿಗೆ ಬರುವಂತೆ ಇಡಿ. ಎರಡರ ನಡುವಿನ ಕೋನ ಉನ್ನತಾಂಶದ ಎರಡರಷ್ಟು. ಕ್ಯಾಮೆರಾ ಎತ್ತ ನೋಡುತ್ತಿದೆ ಎಂಬ ಪ್ರಶ್ನೆಯೇ ಇಲ್ಲ, ಅಳತೆಯ ತಪ್ಪೂ ಅರ್ಧವಾಗುತ್ತದೆ. ಲೆನ್ಸ್‌ನ ನಾಭಿದೂರ, ಬಾಗು ಮಾತ್ರ ಮೊದಲೇ ತಿಳಿದಿರಬೇಕು. ಪ್ರತಿಬಿಂಬದ ಹೊಳಪು ಸೂರ್ಯನ ಹತ್ತರಲ್ಲಿ ಒಂದು ಭಾಗದಷ್ಟಿರುವುದರಿಂದ ಮೂರು ಸ್ಟಾಪ್, ಅಂದರೆ ಎಂಟು ಪಟ್ಟು ಬೆಳಕಿನ ಅಂತರದ ಎರಡು ಫೋಟೋ ಬೆನ್ನುಬೆನ್ನಿಗೆ ತೆಗೆಯಿರಿ. ತಟ್ಟೆಯ ಅಂಚಿನಲ್ಲಿ ದ್ರವ ಬಾಗಿರುತ್ತದೆ, ಪ್ರತಿಬಿಂಬ ನಡುವಿನಲ್ಲೇ ಬೀಳಲಿ. ಪ್ರತಿಬಿಂಬವನ್ನೂ ಬರಿಗಣ್ಣಿನಿಂದ ನೋಡಬಾರದು.

ವಕ್ರೀಭವನ, ಕೊನೆಯ ತಾಳೆ

ಫೋಟೋ ತೋರಿಸುವುದು ವಾತಾವರಣ ಎತ್ತಿ ತೋರಿಸಿದ ಸೂರ್ಯನನ್ನು. ಕಂಡ ಉನ್ನತಾಂಶ ಡಿಗ್ರಿಯಲ್ಲಿ ಉ ಆದರೆ, 1982ರಲ್ಲಿ ಬೆನೆಟ್ ಪ್ರಕಟಿಸಿದ ಸೂತ್ರದಂತೆ ಕಲೆಗಳಲ್ಲಿ ವಕ್ರೀಭವನ = 1 ÷ ಟ್ಯಾನ್(ಉ + 7.31 ÷ (ಉ + 4.4)). 45 ಡಿಗ್ರಿಯಲ್ಲಿ 1 ಕಲೆ, 20ರಲ್ಲಿ 2.7, 10ರಲ್ಲಿ 5.4, 5ರಲ್ಲಿ 9.9, ದಿಗಂತದಲ್ಲಿ 34.5. ಇದು 1010 ಮಿಲಿಬಾರ್, 10 ಡಿಗ್ರಿ ಸೆಲ್ಸಿಯಸ್‌ಗೆ. ನಿಮ್ಮ ಒತ್ತಡವನ್ನು 1010ರಿಂದ ಭಾಗಿಸಿ, 283ನ್ನು 273 + ಉಷ್ಣತೆಯಿಂದ ಭಾಗಿಸಿ, ಎರಡನ್ನೂ ಗುಣಿಸಿಕೊಳ್ಳಿ. ಒತ್ತಡ ನೀವು ನಿಂತ ಎತ್ತರದ್ದೇ ಆಗಿರಲಿ. ಹವಾಮಾನ ವರದಿಯವರು ಸಮುದ್ರಮಟ್ಟಕ್ಕೆ ಇಳಿಸಿದ ಅಂಕಿಯನ್ನು ಕೊಡುತ್ತಾರೆ. 5 ಡಿಗ್ರಿಗಿಂತ ಕೆಳಗೆ 1 ಕಲೆಯ ಆಸೆ ಬಿಡಿ, ಅಲ್ಲಿ ಗಾಳಿಯ ಪದರಗಳು ಸೂತ್ರಕ್ಕೆ ಬಗ್ಗುವುದಿಲ್ಲ. ಮುಳುಗುವ ಸೂರ್ಯ ಚಪ್ಪಟೆಯಾಗಿ ಕಾಣುವುದೂ ಕೆಳಗಿನ ಅಂಚು ಮೇಲಿನದಕ್ಕಿಂತ ಹೆಚ್ಚು ಎತ್ತಲ್ಪಡುವುದರಿಂದಲೇ.

ತಾಳೆ ನೋಡಲು ನಾಸಾದ ಜೆಪಿಎಲ್ ಪ್ರಯೋಗಾಲಯದ ಹೊರೈಜನ್ಸ್ ಎಂಬ ಆನ್‌ಲೈನ್ ಲೆಕ್ಕ ಅಥವಾ ರೆಡಾ ಮತ್ತು ಆಂಡ್ರಿಯಾಸ್ ಅವರ ಸೌರಸ್ಥಾನ ಅಲ್ಗಾರಿದಮ್ ಬಳಸಿ. ಎರಡನೆಯದರ ಅನಿಶ್ಚಿತತೆ 0.0003 ಡಿಗ್ರಿ, ಅಂದರೆ 1 ವಿಕಲೆಯ ಆಸುಪಾಸು. ಹತ್ತು ನಿಮಿಷಕ್ಕೊಂದರಂತೆ ತೆಗೆದ ಫೋಟೋಗಳ ವ್ಯತ್ಯಾಸವನ್ನು ಸಮಯದ ಎದುರು ಗುರುತಿಸಿ. ದಿಗಂಶದ ವ್ಯತ್ಯಾಸವನ್ನು ಉನ್ನತಾಂಶದ ಕಾಸ್‌ನಿಂದ ಗುಣಿಸದೆ ತೀರ್ಮಾನಕ್ಕೆ ಬರಬೇಡಿ: ಸೂರ್ಯ 80 ಡಿಗ್ರಿ ಎತ್ತರದಲ್ಲಿದ್ದಾಗ ಆಕಾಶದಲ್ಲಿ 1 ಕಲೆಯ ತಪ್ಪು ದಿಗಂಶದಲ್ಲಿ ಆರು ಕಲೆಯಾಗಿ ಕಾಣುತ್ತದೆ. ವ್ಯತ್ಯಾಸ ಸೂರ್ಯನ ಚಲನೆಯ ದಿಕ್ಕಿನಲ್ಲೇ ಸದಾ ಒಂದೇ ಅಳತೆಯಲ್ಲಿದ್ದರೆ ರಾತ್ರಿಗೂ ಹಗಲಿಗೂ ನಡುವೆ ಗಡಿಯಾರ ಓಡಿದೆ. ಚೌಕಟ್ಟಿನ ನಡುವೆ ಸೊನ್ನೆಯಾಗಿ ಅಂಚಿಗೆ ಹೋದಂತೆ ಬೆಳೆದರೆ ನಾಭಿದೂರ ಅಥವಾ ಬಾಗು ಸರಿಯಿಲ್ಲ, ಬಹುಮಟ್ಟಿಗೆ ಫೋಕಸ್ ಉಂಗುರ ಜಾರಿದೆ. ಮಧ್ಯಾಹ್ನದವರೆಗೆ ಒಂದೇ ದಿಕ್ಕಿಗೆ ನಿಧಾನವಾಗಿ ಏರಿ ಸಂಜೆಗೆ ಇಳಿದರೆ ಟ್ರೈಪಾಡ್ ಬಿಸಿಲಿಗೆ ಬಾಗಿದೆ. ಸೂರ್ಯ ಕೆಳಗಿದ್ದಾಗ ಮಾತ್ರ ಉನ್ನತಾಂಶದಲ್ಲಿ ಕಂಡರೆ ಒತ್ತಡದ ಅಂಕಿಯನ್ನು ಮತ್ತೊಮ್ಮೆ ನೋಡಿ. ಒಂದು ಕ್ಷಣದಲ್ಲಿ ಜಿಗಿದು ಅಲ್ಲೇ ನಿಂತಿದ್ದರೆ ಯಾರೋ ಕ್ಯಾಮೆರಾ ಮುಟ್ಟಿದ್ದಾರೆ. ಜಿಗಿತಕ್ಕೆ ಮುಂಚಿನ ಫೋಟೋಗಳಿಗೆ ಮೊದಲ ರಾತ್ರಿಯ ನಕ್ಷತ್ರಗಳನ್ನೂ ನಂತರದವಕ್ಕೆ ಎರಡನೇ ರಾತ್ರಿಯವನ್ನೂ ಬಳಸಿದರೆ ಆ ದಿನದ ಅಳತೆ ಉಳಿಯುತ್ತದೆ.